ಆಕಾಶದ ಕಲ್ಲಿನ ಕುಲಗೋತ್ರ

ನದೀಮೂಲವನ್ನೂ ಋಷಿಮೂಲವನ್ನೂ ಕೇಳಬಾರದೆಂಬುದು ಹಿರಿಯರ ಮಾತು. ಉಲ್ಕಾಶಿಲೆಗಳ ವ್ಯಾಪಾರಿಗಳು ಇದಕ್ಕೆ ಮೂರನೆಯದೊಂದನ್ನು ಸದ್ದಿಲ್ಲದೆ ಸೇರಿಸಿಕೊಂಡಂತೆ ತೋರುತ್ತದೆ. 2025ರ ಜುಲೈ 16ರಂದು ನ್ಯೂಯಾರ್ಕಿನ ಸದಬೀಸ್ ಹರಾಜುಶಾಲೆಯಲ್ಲಿ ಮಂಗಳಗ್ರಹದಿಂದ ಬಂದ, 24.67 ಕಿಲೋಗ್ರಾಂ ತೂಕದ ಬಂಡೆಯೊಂದು ಶುಲ್ಕವೂ ಸೇರಿ ಸುಮಾರು 53 ಲಕ್ಷ ಡಾಲರಿಗೆ ಮಾರಾಟವಾಯಿತು. ಕೊಂಡವರ ಹೆಸರು ಹೊರಬೀಳಲಿಲ್ಲ. ಕಲ್ಲು ದೊರೆತದ್ದು 2023ರ ನವೆಂಬರಿನಲ್ಲಿ, ನೈಜರ್ ದೇಶದ ಅಗಾದೆಜ್ ಪ್ರಾಂತ್ಯದಲ್ಲಿ. ಹರಾಜು ಮುಗಿದ ಮೇಲೆ ಆ ದೇಶದ ಸರ್ಕಾರ ಎಚ್ಚೆತ್ತು, ಅದು ಗಡಿ ದಾಟಿದ ಬಗೆ ಹೇಗೆಂದು ವಿಚಾರಣೆಗೆ ತೊಡಗಿತು. ಉಲ್ಕಾಶಿಲೆಗಳ ರಫ್ತನ್ನೂ ತಡೆಹಿಡಿಯಿತು. ಎಲ್ಲವೂ ಕ್ರಮಬದ್ಧವೆಂದು ಹರಾಜುಸಂಸ್ಥೆಯ ಉತ್ತರ.

ಕಲ್ಲು ಮಂಗಳದ್ದೇ ಎಂಬಲ್ಲಿ ಜಗಳವಿಲ್ಲ. ಅಂಟಾರ್ಕ್ಟಿಕದಲ್ಲಿ ಸಿಕ್ಕ ಇದೇ ಜಾತಿಯ ಶಿಲೆಯೊಂದರ ಗಾಜಿನಂಥ ಭಾಗದಲ್ಲಿ ಸೆರೆಯಾಗಿದ್ದ ಅನಿಲಗಳು, 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳದ ವಾಯುಮಂಡಲದಲ್ಲಿ ಅಳೆದುದಕ್ಕೆ ಸರಿಹೊಂದಿದುವೆಂಬುದು 1983ರಲ್ಲಿ ಪ್ರಕಟವಾಯಿತು. ಅಂದಿನಿಂದ ವಿದ್ವಾಂಸರ ಸಂಶಯ ಬಹುಮಟ್ಟಿಗೆ ಕರಗಿದೆ. ಈ ಜಾತಿಗೆ ಶೆರ್ಗೊಟೈಟ್ ಎಂದು ಹೆಸರು. 1865ರ ಆಗಸ್ಟ್ 25ರಂದು ನಮ್ಮ ಬಿಹಾರದ ಶೆರ್ಘಾಟಿಯಲ್ಲಿ ಬಿದ್ದ ಕಲ್ಲಿನಿಂದ ಬಂದ ಹೆಸರದು. ಅಂದು ಊರು, ದಿನ, ಎಲ್ಲವೂ ದಾಖಲಾದುವು. ಆದುದರಿಂದಲೇ ಒಂದು ಸಣ್ಣ ಊರು ಮಂಗಳನ ಕಲ್ಲುಗಳಿಗೆ ಗೋತ್ರಪುರುಷನಾಯಿತು. 53 ಲಕ್ಷದ ಬಂಡೆಯ ಹೆಸರಾದರೋ ‘ವಾಯವ್ಯ ಆಫ್ರಿಕ 16788’! ಸಹಾರದಲ್ಲಿ ಸಿಕ್ಕಿ ಪೇಟೆಯ ದಾರಿಯಿಂದ ಬರುವ ಸಾವಿರಾರು ಕಲ್ಲುಗಳಿಗೆ, ನೆಲೆಯ ಖಚಿತ ದಾಖಲೆಯಿಲ್ಲದ ಕಾರಣ, ಇಂಥ ಅಂಕೆಗಳೇ ಗತಿ. ಹೆಸರಿನಲ್ಲಿ ನೈಜರಿನ ಸುಳಿವೇ ಇಲ್ಲ.

ನೆಲೆ ತಿಳಿದಿದ್ದರೇನು, ಬಿಟ್ಟರೇನು, ಕಲ್ಲು ಅಸಲಿಯಾದರೆ ಸಾಲದೆ? ಸಾಲದೆಂಬುದಕ್ಕೆ ಒಂದು ವಿಚಿತ್ರ ಪ್ರಸಂಗ ಸಾಕ್ಷಿಯಾಗಿದೆ. 1864ರ ಮೇ 14ರಂದು ಫ್ರಾನ್ಸಿನ ಓರ್ಗೈಲ್ ಎಂಬಲ್ಲಿ ಉಲ್ಕೆಗಳು ಬಿದ್ದುವು. ಅದರ ತುಣುಕೊಂದು ಮೊಂಟೋಬಾನಿನ ಸಂಗ್ರಹಾಲಯದಲ್ಲಿ, ಮುಚ್ಚಿದ ಗಾಜಿನ ಭರಣಿಯಲ್ಲಿ, ನೂರು ವರ್ಷ ಹಾಗೆಯೇ ಕುಳಿತಿತ್ತು. ಓರ್ಗೈಲ್ ಶಿಲೆಯಲ್ಲಿ ಜೀವದ ಕುರುಹುಗಳಿವೆಯೆಂದು 1961ರಿಂದ ವಿಜ್ಞಾನಿಗಳಲ್ಲಿ ದೊಡ್ಡ ವಾದವೆದ್ದಾಗ ಆ ತುಣುಕನ್ನೂ ತೆರೆದು ಪರೀಕ್ಷಿಸಿದರು. ಒಳಗೆ ಬೀಜಗಳು! ಆದರೆ ಅವು ಜವುಗುನೆಲದಲ್ಲಿ ಬೆಳೆಯುವ ಜೊಂಡುಹುಲ್ಲಿನ ಬೀಜಗಳು. ಜೊತೆಗೆ ಕಲ್ಲಿದ್ದಲ ಚೂರು. ಇವನ್ನೆಲ್ಲ ಹಿಡಿದಿದ್ದುದು ಅಂಟು. 1964ರಲ್ಲಿ ಇದು ಬಯಲಾಯಿತು. ಶಿಲೆ ಸಾಚಾ, ಒಳಗಿನದು ಖೋಟಾ. ಯಾರೋ ಹಾಸ್ಯಕ್ಕೆ ಮಾಡಿದರೋ, ವಿದ್ವಾಂಸರನ್ನು ಕೆಡವಲೆಂದೇ ಮಾಡಿದರೋ! ಹೇಗೂ ಅಂದು ಯಾರೂ ಮೋಸಹೋಗಲಿಲ್ಲ; ಏಕೆಂದರೆ ಯಾರೂ ನೋಡಲೇ ಇಲ್ಲ.

ಕನ್ನಡ ಓದಿದವರಿಗೆ ಇದು ಹೊಸದಲ್ಲ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರೂ, ಹಾಗಲ್ಲವೆಂದು ರೈಸರೂ ಹೂಡಿದ ವಾದ ನಮ್ಮ ಶಾಸನಾಭ್ಯಾಸಿಗಳಿಗೆಲ್ಲ ಗೊತ್ತು. ತಾಮ್ರ ಹಳೆಯದೆಂದ ಮಾತ್ರಕ್ಕೆ ದಾನ ನಿಜವಾಗದು. ಲಿಪಿ, ಭಾಷೆ, ತಿಥಿ, ಯಾರ ಮನೆಯಿಂದ ಬಂತು, ಇವೆಲ್ಲವನ್ನೂ ಕೇಳಬೇಕು. ಕಲ್ಲಿಗೆ ಈ ಕಟ್ಟಳೆ ಏಕಿರಬಾರದು?

ಇಲ್ಲೊಂದು ಆಕ್ಷೇಪ ಬರುವುದು ಸಹಜ. ಬೆಲೆಯಿಲ್ಲದಿದ್ದರೆ ಮರುಭೂಮಿಯ ಬಡವನು ಬಿಸಿಲಲ್ಲಿ ಅಲೆದು ಕಲ್ಲನ್ನು ಹುಡುಕುತ್ತಿದ್ದನೆ? ಇಲ್ಲ. ವಿಜ್ಞಾನಕ್ಕೆ ಈ ಪೇಟೆಯಿಂದ ಆದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಆ ಬಂಡೆಯ ಜಾತಿ ಗೊತ್ತಾದದ್ದು ಕೂಡ ಅದರ ಒಂದು ಚೂರನ್ನು ಪರೀಕ್ಷೆಗೆ ಕೊಟ್ಟದ್ದರಿಂದಲೇ. ಆದರೆ ಉಳಿದ ಬಂಡೆ ಅನಾಮಧೇಯನ ಮನೆಯನ್ನು ಸೇರಿದ ಮೇಲೆ ನಾಳೆಯ ವಿದ್ವಾಂಸನ ಹೊಸ ಪ್ರಶ್ನೆಗೆ ಉತ್ತರ ಎಲ್ಲಿಂದ? ಓರ್ಗೈಲಿನ ಭರಣಿ ಸಾರ್ವಜನಿಕ ಸಂಗ್ರಹದಲ್ಲಿದ್ದುದರಿಂದಲೇ ನೂರು ವರ್ಷಗಳ ತರುವಾಯವಾದರೂ ಕಳ್ಳತನ ಸಿಕ್ಕಿತು.

ಮಾರಲಿ, ಕೊಳ್ಳಲಿ. ಹರಾಜಿನ ಪಟ್ಟಿಯಲ್ಲಿ ತೂಕ, ಬಣ್ಣಗಳೊಡನೆ ಕಲ್ಲು ಸಿಕ್ಕ ಜಾಗದ ಅಕ್ಷಾಂಶ ರೇಖಾಂಶ, ಎತ್ತಿದ ದಿನ, ಆ ದೇಶ ಕೊಟ್ಟ ಅನುಮತಿಪತ್ರದ ಸಂಖ್ಯೆ ಇವೂ ಅಚ್ಚಾಗಲಿ. ಕೊಂಡವನು ಒಂದು ಪಾಲನ್ನು ಸಂಗ್ರಹಾಲಯಕ್ಕೆ ಬಿಡಲಿ. ಕಲ್ಲಿಗೆ ಮಂಗಳದ ಪ್ರಮಾಣಪತ್ರ ಸಿದ್ಧವಿದೆ. ಅಗಾದೆಜ್‌ನಿಂದ ನ್ಯೂಯಾರ್ಕಿನವರೆಗಿನ ದಾರಿಯ ಲೆಕ್ಕವನ್ನು ನೈಜರಿನ ಜನ ಇನ್ನೂ ಕೇಳುತ್ತಿರುವುದು ಅನ್ಯಾಯವೆನ್ನಲಾಗದು.