ಅದು ಸೋಮಾರಿತನವಲ್ಲ

ಕಬಡ್ಡಿ ಆಡಿ ಬಿದ್ದ ಮಗನಿರಲಿ, ಪಾಚಿಗಟ್ಟಿದ ಅಂಗಳದಲ್ಲಿ ಜಾರಿದ ಸೊಸೆಯಿರಲಿ, ಮೊಣಗಂಟಿನ ಲಿಗಮೆಂಟ್ ಆಪರೇಶನ್ ಮುಗಿಸಿ ಬಂದವರಲ್ಲಿ ನಾವು ನೋಡುವುದು ಹೊಲಿಗೆಯನ್ನು ಮಾತ್ರ. ಅದು ಒಣಗಿದೊಡನೆ, “ಇನ್ನೂ ಯಾಕೆ ಕುಂಟುತ್ತೀ?” ಎನ್ನುತ್ತೇವೆ.

ಗಂಟು ಊದಿಕೊಂಡಾಗ ನರಗಳೇ ತೊಡೆಯ ಸ್ನಾಯುವನ್ನು ತಡೆಹಿಡಿಯುತ್ತವೆ. ಅದು ಸೋಮಾರಿತನವಲ್ಲ. ಹೊಸ ಲಿಗಮೆಂಟ್ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆಟಕ್ಕೆ ಮರಳಲು ಸಾಮಾನ್ಯವಾಗಿ 9 ತಿಂಗಳಾದರೂ ಕಾಯಬೇಕು. 2022ರ ಡಿಸೆಂಬರ್‌ನಲ್ಲಿ ಅಪಘಾತಕ್ಕೀಡಾದ ಕ್ರಿಕೆಟಿಗ ರಿಷಭ್ ಪಂತ್ ಮೈದಾನಕ್ಕೆ ಮರಳಿದ್ದು 2024ರ ಮಾರ್ಚ್‌ನಲ್ಲಿ.

ನೋವಿಗಿಂತ ಹೆಚ್ಚು ಕಾಡುವುದು ‘ಮತ್ತೆ ಬಿದ್ದರೆ?’ ಎಂಬ ಭಯ. ಕುಂದಾಪುರದಿಂದ ಬೈಂದೂರಿಗೋ ಬ್ರಹ್ಮಾವರಕ್ಕೋ ಹೋಗುವ ಬಸ್ಸಿನ ಮೆಟ್ಟಿಲೂ ಬೆಟ್ಟದಂತೆ ಕಾಣುತ್ತದೆ. ವ್ಯಾಯಾಮಕ್ಕೆ ಮುನ್ನ ಐದು ನಿಮಿಷ ಸುಮ್ಮನೆ ಕುಳಿತು ಉಸಿರನ್ನು ಗಮನಿಸಲು ಹೇಳಿ. ಇದು ನೋವು, ಇದು ಭಯ ಎಂದು ಬೇರೆ ಬೇರೆಯಾಗಿ ಗುರುತಿಸಲಿ. ಗುರುತಿಸಿದ ಭಯ ಅಷ್ಟಾಗಿ ಆಳುವುದಿಲ್ಲ. ಸುಜೂದ್‌ಗೆ ಕಾಲು ಬಗ್ಗದಿದ್ದರೆ ಕುಳಿತೇ ನಮಾಝ್ ಮಾಡಲಿ. ಆ ರಿಯಾಯಿತಿ ಧರ್ಮದಲ್ಲೇ ಇದೆ. ಜ್ವರವೋ ಮೀನಖಂಡದಲ್ಲಿ ಬಾವೋ ಕಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಇಂದು ಸಂಜೆ “ಎಷ್ಟು ನಡೆದೆ?” ಎನ್ನುವ ಬದಲು “ನಡೆಯುವಾಗ ಹೇಗನಿಸಿತು?” ಎಂದು ಕೇಳಿ ನೋಡಿ.