ಅಪ್ಪನ ಟರ್ಬೊ ಕಾರಿಗೆ ಕಾನೂನಿನಲ್ಲಿ ಜಾಗವೆಲ್ಲಿ?

ತಂದೆಯೋ ಸೋದರಮಾವನೋ ಬಿಟ್ಟುಹೋದ ಹಳೆಯ ಕಾರು ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದರೆ, ವಾರಸುದಾರರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಗುಜರಿಗೆ ಹಾಕಿ. ಅದು ಟರ್ಬೊ ಕಾರಾಗಿದ್ದರೆ ಈ ಸಲಹೆ ಇನ್ನಷ್ಟು ಜೋರಾಗುತ್ತದೆ. ಟರ್ಬೊ ಕೈಕೊಟ್ಟರೆ ಖರ್ಚಿಗೆ ಕೊನೆಯಿಲ್ಲ ಎಂಬ ಭಯ ಮಾಲೀಕರಿಗೂ ಇದೆ, ಅನೇಕ ಮೆಕ್ಯಾನಿಕ್‌ಗಳಿಗೂ ಇದೆ. ಈ ಭಯದಲ್ಲಿ ಸತ್ಯಾಂಶವಿದ್ದರೂ ಅದು ಅರ್ಧ ಸತ್ಯ. ಇಂಥ ಕಾರನ್ನು ಮತ್ತೆ ಓಡುವ ಸ್ಥಿತಿಗೆ ತರುವುದು ಸಾಧ್ಯವಿರುವ ಕೆಲಸ. ಹಾಗೆ ತಂದ ಮೇಲೆ ಅದನ್ನು ಯಾವ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು ಎಂಬುದಕ್ಕೆ ಮಾತ್ರ ನಮ್ಮ ನಿಯಮಗಳಲ್ಲಿ ಉತ್ತರವಿಲ್ಲ. ಬದಲಾಗಬೇಕಾದದ್ದು ಆ ನಿಯಮ.

ಸಾಧ್ಯ ಎನ್ನುವುದಕ್ಕೆ ಸ್ವೀಡನ್ನಿನ ಸಾಬ್ ಕಾರುಗಳೇ ಸಾಕ್ಷಿ. ದಿನಬಳಕೆಯ ಕುಟುಂಬದ ಕಾರಿಗೆ ಟರ್ಬೊ ಒಗ್ಗುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಸಾಬ್ ಕಂಪನಿ ಪ್ರಮುಖ. 1977ರಲ್ಲಿ ಅದು ತೋರಿಸಿದ 99 ಟರ್ಬೊ, ಕೇವಲ 2 ಲೀಟರಿನ ಎಂಜಿನ್ನಿನಿಂದ 145 ಅಶ್ವಶಕ್ತಿ ತೆಗೆಯುತ್ತಿತ್ತು. ಅದರ ಬೆನ್ನಿಗೇ ಬಂದ 900 ಟರ್ಬೊ 1990ರ ದಶಕದ ಆರಂಭದವರೆಗೂ ತಯಾರಾಯಿತು. 2011ರ ಡಿಸೆಂಬರ್‌ನಲ್ಲಿ ಸಾಬ್ ಕಾರು ಕಂಪನಿಯೇ ದಿವಾಳಿಯಾಯಿತು. ಆದರೂ ಅದರ ಕಾರುಗಳು ರಸ್ತೆಯಿಂದ ಮರೆಯಾಗಲಿಲ್ಲ. ಬಿಡಿಭಾಗಗಳ ಕಂಪನಿ ದಿವಾಳಿಯಿಂದ ಹೊರಗುಳಿದು, ಸಾಲದ ಭದ್ರತೆಯ ಲೆಕ್ಕದಲ್ಲಿ ಸರ್ಕಾರದ ಒಡೆತನಕ್ಕೆ ಬಂದು, ಪೂರೈಕೆಯನ್ನು ಮುಂದುವರಿಸಿತು. ಟ್ರೋಲ್‌ಹ್ಯಾಟನ್ ನಗರದ ಸಾಬ್ ಮ್ಯೂಸಿಯಂ ಹರಾಜಿನ ಅಂಚಿಗೆ ಬಂದಾಗ ನಗರಾಡಳಿತ, ವಿಮಾನ ತಯಾರಿಸುವ ಸಾಬ್ ಕಂಪನಿ ಮತ್ತು ವಾಲೆನ್‌ಬರ್ಗ್ ಪ್ರತಿಷ್ಠಾನ ಸೇರಿ ಉಳಿಸಿಕೊಂಡವು. ಮಾಡಿದವರೇ ಇಲ್ಲದ ಕಾರಿಗೂ ಬಿಡಿಭಾಗ, ತಿಳಿವಳಿಕೆ ಮತ್ತು ಸರಿಯಾದ ನಿಯಮಗಳಿದ್ದರೆ ಬದುಕಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಟರ್ಬೊ ಭಯದ ಮಾತು. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಲ್ಲಿ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಈ ದಂಡ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ತೆಳ್ಳನೆಯ ಆಯಿಲ್ ಪದರದ ಮೇಲೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಆ ಆಯಿಲ್ ಇಳಿದುಹೋಗಿರುತ್ತದೆ, ಉಳಿದದ್ದು ಗಸಿಯಾಗಿರುತ್ತದೆ. ಹೊಸ ಬ್ಯಾಟರಿ ಹಾಕಿ ಒಮ್ಮೆಗೇ ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ ಒಣ ಬೇರಿಂಗ್ ಸವೆಯುತ್ತದೆ. ಅಂದರೆ ಅನೇಕ ಟರ್ಬೊಗಳನ್ನು ಕೊಲ್ಲುವುದು ವಾರಸುದಾರರ ಅವಸರವೇ. ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಇಗ್ನಿಷನ್ ಕಡಿದು, ಆಯಿಲ್ ಪ್ರೆಷರ್ ಬರುವವರೆಗೆ ಎಂಜಿನ್ನನ್ನು ಬರಿದೇ ತಿರುಗಿಸುವುದು ಸರಿಯಾದ ಆರಂಭ. ಅದಕ್ಕೂ ಮೊದಲು ಟ್ಯಾಂಕಿನ ಹಳೇ ಪೆಟ್ರೋಲು, ಬಿರುಕುಬಿಟ್ಟ ರಬ್ಬರ್ ಹೋಸ್, ನೀರು ಹೀರಿದ ಬ್ರೇಕ್ ಆಯಿಲ್, ಕಚ್ಚಿಕೊಂಡ ಬ್ರೇಕು, ಗಟ್ಟಿಯಾದ ಟೈರು ಹೋಗಬೇಕು. ಗಾಳಿಯ ಒತ್ತಡ ಮಿತಿಮೀರದಂತೆ ತಡೆಯುವ ವೇಸ್ಟ್‌ಗೇಟ್ ತುಕ್ಕಿನಿಂದ ಹಿಡಿದುಕೊಂಡಿದ್ದರೆ ಪಿಸ್ಟನ್‌ಗಳಿಗೇ ಅಪಾಯ. ಬಣ್ಣ, ಸೀಟು, ಫಳಫಳ ಹೊಳಪೆಲ್ಲ ಇವುಗಳ ನಂತರ. ಈ ಪಟ್ಟಿಯಲ್ಲಿ ಒಳ್ಳೆಯ ಮೆಕ್ಯಾನಿಕ್‌ಗೆ ಅಸಾಧ್ಯವಾದದ್ದು ಒಂದೂ ಇಲ್ಲ.

ಕೆಲಸ ಮುಗಿದ ಮೇಲೆ ಶುರುವಾಗುವುದು ನಿಯಮದ ತೊಡಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ದಿನನಿತ್ಯ ಓಡಿಸಬಾರದು. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಕ್ಕೆ ಮಾತ್ರ ರಸ್ತೆಗಿಳಿಯಬಹುದು. ನಿಯಮ ಒಳ್ಳೆಯದೇ. ಆದರೆ ಟರ್ಬೊ ಕಾರುಗಳ ಪೀಳಿಗೆಗೆ ಅದು ಎಟುಕುವುದಿಲ್ಲ. ಟರ್ಬೊ ಡೀಸೆಲ್ ಎಂಜಿನ್ನಿನ ಟಾಟಾ ಸಫಾರಿ ಬಂದದ್ದು 1998ರಲ್ಲಿ. ಅಂದು ಕೊಂಡ ಗಾಡಿ ವಿಂಟೇಜ್ ಆಗುವುದು 2048ರಲ್ಲಿ. ಅಲ್ಲಿಯವರೆಗೆ ಅದು ದಿನಬಳಕೆಯ ಕಾರಿನಂತೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಳ್ಳುತ್ತಾ ಹೋಗಬೇಕು. 2022ಕ್ಕೆ ಮೊದಲು 600 ರೂಪಾಯಿ ಇದ್ದ ಆ ಶುಲ್ಕ 5,000ಕ್ಕೆ ಏರಿ, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ವರ್ಷಕ್ಕೆ ನಾಲ್ಕು ಬಾರಿ ಹೊರಬರುವ ಕಾರಿಗೂ ದಿನವಿಡೀ ಓಡುವ ಕಾರಿಗೂ ಒಂದೇ ಅಳತೆ. ಜರ್ಮನಿಯಲ್ಲಿ 30 ವರ್ಷ ದಾಟಿದ, ತಜ್ಞರ ತಪಾಸಣೆಯಲ್ಲಿ ಪಾಸಾದ ಕಾರಿಗೆ ಪ್ರತ್ಯೇಕ ಚಾರಿತ್ರಿಕ ನಂಬರ್ ಪ್ಲೇಟ್ ಸಿಗುತ್ತದೆ. ಸ್ವೀಡನ್ನಿನಲ್ಲಿ 30 ವರ್ಷ ದಾಟಿದ ಕಾರಿಗೆ ವಾಹನ ತೆರಿಗೆಯಿಲ್ಲ. ಆದರೆ ತೆರಿಗೆ ಬಿಟ್ಟರೆಂದು ತಪಾಸಣೆ ಬಿಡಲಿಲ್ಲ.

ಹಳೆಯ ಗಾಡಿಗಳ ಹೊಗೆಯ ಗತಿಯೇನು ಎಂಬುದು ಮೊದಲ ಆಕ್ಷೇಪ, ಅದು ನ್ಯಾಯವಾದದ್ದೂ ಹೌದು. 1990ರ ದಶಕದ ಡೀಸೆಲ್ ಎಂಜಿನ್ ಇಂದಿನ ಬಿಎಸ್-6 ಎಂಜಿನ್ನಿಗಿಂತ ಬಹಳ ಹೆಚ್ಚು ಮಸಿ ಕಾರುತ್ತದೆ. ಆದರೆ ಊರಿನ ಗಾಳಿ ಕೆಡುವುದು ಗಾಡಿಯ ಗುಣದ ಜೊತೆಗೆ ಅದು ಓಡುವ ದೂರದಿಂದಲೂ. ಹಾಗಾಗಿ ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಹಾಕಲಿ, ದಟ್ಟಣೆಯ ನಗರಗಳಲ್ಲಿ ವಾರದ ದಿನಗಳ ಓಡಾಟ ನಿಷೇಧಿಸಲಿ. ಸುರಕ್ಷತೆಯ ಆಕ್ಷೇಪಕ್ಕೆ ಉತ್ತರ ಕಟ್ಟುನಿಟ್ಟಾದ ತಪಾಸಣೆ: ಬ್ರೇಕು, ಸ್ಟೀರಿಂಗು, ಟೈರು, ತಳದ ತುಕ್ಕು ಇವುಗಳಲ್ಲಿ ರಿಯಾಯಿತಿ ಬೇಡವೇ ಬೇಡ. ಇದು ಶ್ರೀಮಂತರ ಶೋಕಿ ಎನ್ನುವವರೂ ಇದ್ದಾರೆ. ಆದರೆ ಕೋಟ್ಯಧೀಶರ ಸಂಗ್ರಹದ ಹಳೇ ರೋಲ್ಸ್‌ರಾಯ್ಸ್‌ಗೆ ಈಗಾಗಲೇ ಕಾನೂನಿನ ರಕ್ಷೆಯಿದೆ. ಮಧ್ಯಮವರ್ಗದ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಕಾರುಗಳೇ ಅದರಿಂದ ಹೊರಗುಳಿದಿರುವುದು. ನೋಂದಣಿ ಶುಲ್ಕ ಏರಿದಷ್ಟೂ ಇವು ಒಂದೊಂದಾಗಿ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ.

ಹಳೆಯದೆಲ್ಲವೂ ಉಳಿಯಬೇಕೆಂಬ ಹಟ ಇಲ್ಲಿಲ್ಲ. ತಳವೇ ತುಕ್ಕಿಗೆ ಹೋದ, ದಾಖಲೆಯಿಲ್ಲದ, ದುರಸ್ತಿಗೆ ಮನಸ್ಸಿಲ್ಲದವರ ಕೈಯಲ್ಲಿರುವ ಕಾರು ಗುಜರಿಗೆ ಹೋಗುವುದೇ ಸರಿ. ಅದರ ಬಿಡಿಭಾಗ ಮತ್ತೊಂದನ್ನು ಬದುಕಿಸೀತು. ಉಳಿಯಬಲ್ಲ ಕಾರುಗಳಿಗಾಗಿ 30 ವರ್ಷದ ಹೊಸ್ತಿಲಿನ ಒಂದು ವರ್ಗವನ್ನು ಕೇಂದ್ರ ಸಾರಿಗೆ ಸಚಿವಾಲಯ ರೂಪಿಸಬೇಕು: ಎರಡು ವರ್ಷಕ್ಕೊಮ್ಮೆ ತಪಾಸಣೆ, ಓಡಾಟಕ್ಕೆ ಮಿತಿ, ಶುಲ್ಕದಲ್ಲಿ ವಿನಾಯಿತಿ. ಕರ್ನಾಟಕ ಸರ್ಕಾರ ಈ ಪ್ರಸ್ತಾವವನ್ನು ದೆಹಲಿಯ ಮುಂದಿಡಬಹುದು. 1998ರ ಸಫಾರಿಗಳಿಗೆ 30 ತುಂಬುವುದು 2028ರಲ್ಲಿ. ಅಷ್ಟರೊಳಗೆ ನಿಯಮ ಬಂದರೆ ಮಾತ್ರ ಅದರಿಂದ ಪ್ರಯೋಜನ.