ಕಿಂಡಿ ಮುಚ್ಚಿಸುವವರ ಮಾತು ಕೇಳಬೇಡಿ

ಚಳಿಗಾಲ ಬಂತೆಂದರೆ ಫೋನಿನ ಪರದೆಯ ಮೇಲೆ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತದೆ. ಸುತ್ತ ಮೊಣಕಾಲೆತ್ತರದ ಹಿಮ, ನಡುವೆ ಒಂದು ಮೋಟರ್‌ಹೋಮ್, ಕಿಟಕಿಗೆ ಹಳದಿ ದೀಪದ ಸರ, ಒಳಗೆ ಉಣ್ಣೆಯ ಕಾಲುಚೀಲ ತೊಟ್ಟ ಎರಡು ಪಾದ, ಪಕ್ಕದಲ್ಲಿ ಹಬೆಯಾಡುವ ಕಾಫಿ. ಕೊಲೊರಾಡೊದ್ದೋ ನಾರ್ವೆಯದ್ದೋ ಇರುತ್ತದೆ. ಹಿನ್ನೆಲೆಯ ದನಿ ಈಗೀಗ ಕನ್ನಡದ್ದೂ ಆಗಿರುತ್ತದೆ. ‘ಹೊರಗೆ ಮೈನಸ್ ಹನ್ನೆರಡು, ಒಳಗೆ ಸ್ವರ್ಗ’ ಎಂಬ ಧಾಟಿ. ಆಮೇಲೆ ಬರುತ್ತದೆ ಉಪದೇಶ: ಚಳಿ ನುಗ್ಗುವ ಪ್ರತಿ ಸಂದಿಯನ್ನೂ ಹುಡುಕಿ, ಫೋಮ್ ತುರುಕಿ, ಟೇಪ್ ಹಚ್ಚಿ, ಮುಚ್ಚಿ.

ನನ್ನ ತಕರಾರು ಈ ‘ಮುಚ್ಚಿ’ ಎಂಬ ಮಾತಿನ ಮೇಲೆ. ಗಾಲಿಮನೆಯನ್ನು ಚಳಿಗಾಲಕ್ಕೆ ಸಜ್ಜು ಮಾಡುವುದೆಂದರೆ ಮೊದಲು ಯಾವ ಕಿಂಡಿಯನ್ನು ಮುಚ್ಚಬಾರದು ಎಂದು ತಿಳಿಯುವುದು. ಇದನ್ನು ಹೇಳದೆ ಬೆಚ್ಚಗಿನ ಚಿತ್ರ ಮಾರುವವರು ಅರ್ಧ ಸತ್ಯ ಹೇಳುತ್ತಿದ್ದಾರೆ. ಬಿಟ್ಟ ಅರ್ಧದಲ್ಲಿ ಜೀವವೇ ಹೋಗಬಹುದು.

ಲೆಕ್ಕ ನೋಡಿ. ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಉಸಿರು ಮತ್ತು ಮೈಯಿಂದ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಅದರ ಮೇಲೆ ನಮ್ಮವರ ಅಡುಗೆ: ಕುಕ್ಕರ್ ನಾಲ್ಕು ಸೀಟಿ ಹಾಕಿತು, ಸಾರು ಕುದಿಯಿತು. ಹೋಗಲು ದಾರಿಯಿಲ್ಲದ ಈ ಆವಿ ತಣ್ಣನೆಯ ಕಿಟಕಿಗೆ, ತಗಡಿನ ಗೋಡೆಗೆ, ಹಾಸಿಗೆಯ ಅಡಿಗೆ ಹೋಗಿ ನೀರಾಗುತ್ತದೆ. ಒದ್ದೆಯಾದ ಉಣ್ಣೆ, ಒದ್ದೆಯಾದ ಗೋಡೆಯ ಪದರ ಒಣಗಿದ್ದಾಗಿನಷ್ಟು ಶಾಖವನ್ನು ಹಿಡಿದಿಡುವುದಿಲ್ಲ. ಅಂದರೆ ಎಲ್ಲವನ್ನೂ ಮುಚ್ಚಿದ ಗಾಡಿಯೂ ಒಳಗಿನ ಒದ್ದೆಯಿಂದಲೇ ಕೊರೆಯತೊಡಗಬಹುದು. ಆಮೇಲೆ ಬೂಷ್ಟು. ಜರ್ಮನಿಗೆ ಓದಲು ಹೋದ ನಮ್ಮ ಹುಡುಗರನ್ನು ಕೇಳಿ. ಕೊರೆಯುವ ಜನವರಿಯಲ್ಲೂ ದಿನಕ್ಕೆರಡು ಸಲ ಐದೈದು ನಿಮಿಷ ಎಲ್ಲ ಕಿಟಕಿ ತೆರೆದಿಡಿ ಎಂಬುದು ಅಲ್ಲಿನ ಮನೆ ಮಾಲೀಕರು ಕಲಿಸುವ ಮೊದಲ ಪಾಠ. ಚಳಿಯನ್ನು ಬಲ್ಲ ದೇಶ ಕಿಟಕಿ ತೆರೆಯಲು ಹೇಳುತ್ತದೆ.

ಇದಿಷ್ಟೂ ಬರೀ ಒದ್ದೆಯ ಮಾತಾಯಿತು. ಸಾವಿನ ಮಾತು ಬೇರೆ ಇದೆ. ಉರಿಗೆ ಆಮ್ಲಜನಕ ಸಾಲದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ನಿದ್ದೆ. ಒಳ್ಳೆಯ ನಿದ್ದೆ ಬಂತೆಂದೇ ಅನ್ನಿಸುತ್ತದೆ. ಅದಕ್ಕಾಗಿಯೇ ಗಾಲಿಮನೆಗಳ ಗಾಳಿಯ ಬಗ್ಗೆ ಯುರೋಪಿನಲ್ಲಿ ಇಎನ್ 721 ಎಂಬ ಪ್ರತ್ಯೇಕ ಮಾನದಂಡವಿದೆ. ಮೇಲೊಂದು ಕಡೆ, ಕೆಳಗೊಂದು ಕಡೆ ಸದಾ ತೆರೆದಿರುವ ಕಿಂಡಿ ಇರಲೇಬೇಕು. ಬಿಸಿ ಹೊಗೆ, ಆವಿ ಮೇಲಿನಿಂದ ಹೋಗಲಿ ಎಂದು. ಗಾಳಿಗಿಂತ ಭಾರವಾದ ಸಿಲಿಂಡರ್ ಗ್ಯಾಸ್ ಸೋರಿದರೆ ಕೆಳಗಿನಿಂದ ಇಳಿದುಹೋಗಲಿ ಎಂದು. ಟೇಪ್ ಹಿಡಿದ ಉಪದೇಶಕರು ಮೊದಲು ಹುಡುಕಿ ಮುಚ್ಚಿಸುವುದು ಈ ‘ಚಳಿ ಬರುವ ತೂತು’ಗಳನ್ನೇ!

‘ನಮ್ಮಜ್ಜಿ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿಸುತ್ತಿರಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಮಲಗಿಸುತ್ತಿದ್ದರು. ಆದರೆ ಮಲೆನಾಡಿನ ಮನೆಯ ಮೇಲೆ ಇದ್ದದ್ದು ಹೆಂಚು. ಹೆಂಚಿಗೂ ಹೆಂಚಿಗೂ ನಡುವೆ ಹೊಗೆ ನುಸುಳುವಷ್ಟು ಸಂದಿ, ಗೋಡೆಯ ಮೇಲೆ ಬೆಳಕಿಂಡಿ. ಹಾಗಿದ್ದೂ ಎಲ್ಲರೂ ಸುಖವಾಗಿ ಎದ್ದರೆಂದು ಹೇಳಲು ನನಗೆ ಧೈರ್ಯವಿಲ್ಲ. ಬಚ್ಚಲೊಲೆಯನ್ನು ಬಿಟ್ಟು ಕಿಟಕಿಯಿಲ್ಲದ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ತಂದ ಮೇಲೆ ಏನಾಯಿತೆಂದು ಬೆಂಗಳೂರಿನ ಪತ್ರಿಕೆ ಓದುವವರಿಗೆ ಗೊತ್ತು. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿ ಮತ್ತೆ ಮತ್ತೆ ಬಂದಿದೆ. ಮೋಟರ್‌ಹೋಮ್ ಎಂದರೆ ಅಂಥದೇ ಒಂದು ಬಾತ್‌ರೂಮು, ಸ್ವಲ್ಪ ದೊಡ್ಡದು, ಅಷ್ಟೇ.

ತಯಾರಕರೂ ಕಡಿಮೆಯವರಲ್ಲ. ಅಮೆರಿಕದಲ್ಲಿ ‘ನಾಲ್ಕೂ ಋತುವಿನ ಗಾಡಿ’ ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಅದು ಮಾರಾಟದ ಮಾತು, ಅಳತೆಯಲ್ಲ. ಯುರೋಪಿನಲ್ಲಾದರೆ ಇಎನ್ 1646 ಎಂಬುದರಲ್ಲಿ ಮೂರನೇ ದರ್ಜೆ ಎಂದರೆ ಹೊರಗೆ ಮೈನಸ್ 15 ಇದ್ದಾಗಲೂ ಒಳಗೆ 20 ಡಿಗ್ರಿ ಮುಟ್ಟಬೇಕು, ನಲ್ಲಿಯಲ್ಲಿ ನೀರು ಬರಬೇಕು. ಕೊಳ್ಳುವವರು, ಬಾಡಿಗೆಗೆ ಪಡೆಯುವವರು ಕೇಳಬೇಕಾದ್ದು ಇದನ್ನು.

ಉಳಿದದ್ದು ಕಷ್ಟದ್ದೇನಲ್ಲ. ನೀರು ಹೆಪ್ಪುಗಟ್ಟಿದರೆ ಶೇ. 9ರಷ್ಟು ಹಿಗ್ಗಿ ಕೊಳವೆ ಒಡೆಯುತ್ತದೆ, ಆದ್ದರಿಂದ ತೊಟ್ಟಿ ಬೆಚ್ಚಗಿರದ ಗಾಡಿಯಲ್ಲಿ ನೀರು ಪೂರ್ತಿ ಖಾಲಿ ಮಾಡಿ ಕ್ಯಾನಿನಲ್ಲಿ ಇಟ್ಟುಕೊಳ್ಳಿ. ಬ್ಯೂಟೇನ್ ಮೈನಸ್ ಅರ್ಧ ಡಿಗ್ರಿಗೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಕೈಬಿಡುವುದಿಲ್ಲ. ಬೇಸಿಗೆಯ ಸಿಲಿಂಡರನ್ನೇ ಒಯ್ದವರು ನಡುರಾತ್ರಿ ಆರಿದ ಹೀಟರಿನ ಮುಂದೆ ಕೂರುತ್ತಾರೆ, ಆಮೇಲೆ ಕೈಗೆ ಸಿಕ್ಕ ಇದ್ದಿಲು ಒಳಗೆ ತರುತ್ತಾರೆ. ತಪ್ಪು ಸಿಲಿಂಡರು ಹೀಗೆ ಸಾವಿನ ಮನೆಗೂ ದಾರಿ ತೋರಿಸಬಲ್ಲದು. ಉರಿಯುವ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುವ ಹೀಟರ್ ಇರಲಿ, ಒಲೆ ಹಚ್ಚಿ ಮೈ ಕಾಯಿಸುವುದು ಬೇಡ. ತಲೆದೆಸೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ದೀಪದ ಸರಕ್ಕೆ ಕೊಡುವ ದುಡ್ಡಿನ ಆಸುಪಾಸಿನಲ್ಲೇ ಸಿಗುತ್ತದೆ.

ಸಾಹಿತ್ಯದ ಪತ್ರಿಕೆಯಲ್ಲಿ ಗ್ಯಾಸಿನ ಪುರಾಣವೇಕೆ ಎನ್ನುವಿರಾ? ಈ ಚಿತ್ರಕ್ಕೆ ಮಾತು ಕೊಡುತ್ತಿರುವವರು ನಾವೇ ಅಲ್ಲವೇ. ‘ಗವಾಕ್ಷಿ’, ‘ಬೆಳಕಿಂಡಿ’ ಎಂದು ಅಂಕಣಗಳಿಗೆ ಹೆಸರಿಡುವ ನಾವು ಪ್ರವಾಸ ಬರೆಯಲು ಕೂತರೆ ಕಿಂಡಿಯನ್ನೇ ಮರೆಯುತ್ತೇವೆ. ಹಿಮ, ಮೌನ, ಏಕಾಂತ ಬರುತ್ತವೆ, ಹೊಗೆನಳಿಕೆ ಬರುವುದಿಲ್ಲ. ಅನುಭವ ಬೇರೆ, ತಾಂತ್ರಿಕ ವಿವರ ಬೇರೆ ಎಂಬ ಈ ಮಡಿ ಓದುಗರನ್ನು ಕಾಪಾಡುವುದಿಲ್ಲ.

ಇನ್ನೊಂದು ಗುಂಪನ್ನೂ ನೆನಪಿಡಬೇಕು. ಜೆಸಿಕಾ ಬ್ರೂಡರ್ 2017ರಲ್ಲಿ ‘ನೋಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲಿ ಬರೆದದ್ದು ಬಾಡಿಗೆ ಕಟ್ಟಲಾಗದೆ ಗಾಡಿಯನ್ನೇ ಮನೆ ಮಾಡಿಕೊಂಡ ವಯಸ್ಸಾದ ಅಮೆರಿಕನ್ನರ ಬಗ್ಗೆ. ಅವರಲ್ಲಿ ಅನೇಕರು ಚಳಿ ಹಿಡಿದೊಡನೆ ಹಿಮದ ಕಡೆಗೆ ಹೋಗುವುದಿಲ್ಲ, ಅರಿಜೋನಾದ ಕ್ವಾರ್ಟ್‌ಸೈಟ್ ಮರುಭೂಮಿಗೆ ಇಳಿಯುತ್ತಾರೆ. ಇಳಿಯಲು ಪೆಟ್ರೋಲಿಗೆ ದುಡ್ಡಿಲ್ಲದವರು ಉತ್ತರದ ಊರುಗಳ ಪಾರ್ಕಿಂಗ್ ಜಾಗದಲ್ಲೇ ಉಳಿಯುತ್ತಾರೆ. ಅಗ್ಗದ ಹೀಟರ್, ಪ್ಲಾಸ್ಟಿಕ್ ಹಾಳೆ, ಟೇಪ್ ಕೊಳ್ಳುವವರು ಅವರು. ಸಂದಿ ಮುಚ್ಚುವ ಅದೇ ವಿಡಿಯೊ ನೋಡುವವರೂ ಅವರೇ. ವಾರಾಂತ್ಯಕ್ಕೆ ಹೋದವರಾದರೆ ಒದ್ದೆ ಹಾಸಿಗೆ ಬಿಟ್ಟು ಹೋಟೆಲಿಗೆ ನಡೆದಾರು.

ದೀಪದ ಸರ ಬೇಡವೆನ್ನುವುದಿಲ್ಲ, ಇರಲಿ. ಆದರೆ ಮುಂದಿನ ವಿಡಿಯೊದಲ್ಲಿ, ಬೆಳಗ್ಗೆ ಎದ್ದವರು ಕಾಫಿಗೆ ನೀರಿಡುವ ಮೊದಲು ಸಲಿಕೆ ಹಿಡಿದು ಹೊರಗಿಳಿದು, ರಾತ್ರಿ ಬಿದ್ದ ಹಿಮವನ್ನು ಹೊಗೆನಳಿಕೆಯ ಬಾಯಿಂದ ಕೆರೆದು ತೆಗೆಯುವುದನ್ನೂ ಅರ್ಧ ನಿಮಿಷ ತೋರಿಸಲಿ.